ಶೇಖಮ್ಮನ ಮಠ

೧೯೪೮, ಜೂನ್ ೨೦

ಬಿಷಪ್ಪರ ಆಜ್ಞೆಯೆಂದು ಬಂದಿದ್ದೇನೆ, ಇಷ್ಟಪಟ್ಟು ಬಂದಿಲ್ಲ. ಇದನ್ನು ಇಲ್ಲಿಯಾದರೂ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಯಾರ ಮುಂದಾದರೂ ಬಾಯಿ ಜಾರೀತು.

ಮಸ್ಕಿಯಿಂದ ಸಿಂಧನೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಊರ ಹೊರಗೆ ಹಾಳು ಬಿದ್ದ ಹತ್ತಿ ಗೋದಾಮು. ಮೇಲೆ ತಗಡು, ಕೆಳಗೆ ಮಣ್ಣು, ಮೂಲೆಯಲ್ಲಿ ಇಲಿ. ಇದಕ್ಕೆ ಮಠವೆಂದು ಹೆಸರು. ಇಲ್ಲಿ ಶೇಖಮ್ಮ ಇದ್ದಾಳೆ, ಅವಳನ್ನು ನಂಬಿಕೊಂಡು ಬಂದ ಮೂವರು ಹುಡುಗಿಯರಿದ್ದಾರೆ. ಇಂದಿನಿಂದ ನಾನೂ ಇದ್ದೇನೆ.

ಶೇಖಮ್ಮ ನಮ್ಮ ಕಾನ್ವೆಂಟಿನ ಅಡುಗೆಮನೆಯಲ್ಲಿದ್ದವಳು. ಬಳಗಾನೂರಿನ ಹೊರಕೇರಿಯ ಹೆಣ್ಣು. ಅವಳ ಅಪ್ಪನ ಕಾಲಕ್ಕೆ ಕ್ರಿಸ್ತನ ಹೆಸರು ಕೇಳಿದ ಮನೆ. ನಮ್ಮದು ಮುದಗಲ್ಲಿನ ಮನೆತನ, ಆದಿಲಶಾಹಿ ಬಾದಶಹರ ಕಾಲದಿಂದ ಜಪಸರ ಹಿಡಿದವರು. ನಾನು ಹೈದರಾಬಾದಿನಲ್ಲಿ ಓದಿ ಬಂದು ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ನಾನು ಉಂಡ ತಟ್ಟೆಯನ್ನು ಅವಳು ತೊಳೆಯುತ್ತಿದ್ದಳು. ಈಗ ಅವಳು ನನಗೆ ಮೇಲಿನವಳು. ಅವಳನ್ನು ನಾನು ‘ಅಮ್ಮಾರ’ ಎನ್ನಬೇಕಂತೆ. ಬಾಯಲ್ಲಿ ಅನ್ನುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಎಲ್ಲಕ್ಕೂ ಕಾರಣ, ಪಾತ್ರೆ ತಿಕ್ಕುತ್ತಿದ್ದಾಗ ಕ್ರಿಸ್ತ ಅವಳೊಡನೆ ಮಾತಾಡಿದನಂತೆ. ನನ್ನ ಶಿಲುಬೆಯ ಬುಡದಲ್ಲಿ ನಿಂತ ಹೆಂಗಸರಿಗೆ ಮನೆಯಿಲ್ಲ, ನೀನು ಕಟ್ಟು ಎಂದನಂತೆ. ಕಾನ್ವೆಂಟಿನಲ್ಲಿ ಅಷ್ಟು ಜನ ಓದಿದವರಿದ್ದೆವು, ಅವನು ಬಚ್ಚಲ ಹತ್ತಿರ ಹೋದ. ಬಿಷಪ್ಪರು ನಂಬಿಯೂ ನಂಬದೆ ಅರ್ಧ ಅನುಮತಿ ಕೊಟ್ಟರು. ‘ಶಿಲುಬೆಯಡಿಯ ಸಹೋದರಿಯರು’ ಎಂದು ಕರೆದುಕೊಳ್ಳಲಿ, ಹೊಸ ಸನ್ಯಾಸಿನಿಯರ ಸಭೆಯೆಂದು ಒಪ್ಪುವ ಮಾತು ಮುಂದೆ ನೋಡೋಣ ಎಂದರು. ಅವಳ ಮೇಲೊಂದು ಕಣ್ಣಿರಲಿ ಎಂದು ನನ್ನನ್ನು ಕಳಿಸಿದರು.

ಮಠದ ನಿಯಮ ಕೇಳಿ ನಗು ಬಂತು. ಬಾಗಿಲಿಗೆ ಬಂದ ಹೆಂಗಸಿಗೆ ಮೊದಲು ಊಟ, ಆಮೇಲೆ ಹೆಸರು. ಜಾತಿ, ಮತ ಕೇಳುವಂತಿಲ್ಲ. ಕದಕ್ಕೆ ಅಗಳಿ ಇರಕೂಡದು. ಇಷ್ಟೇ. ಇಷ್ಟು ನಿಯಮದ ಮೇಲೆ ಒಂದು ಧರ್ಮಶಾಲೆಯೂ ನಡೆಯುವುದಿಲ್ಲ.

ಜುಲೈ ೧೧

ಇವತ್ತು ಮತ್ತೆ ರೊಟ್ಟಿ ಸೀದವು. ಹಂಚಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ ಶೇಖಮ್ಮ ಕಣ್ಣು ಮುಚ್ಚಿದವಳು ತೆರೆಯಲೇ ಇಲ್ಲ. ಮುಖದ ಮೇಲೆ ಬೆವರು, ತುಟಿ ಅಲ್ಲಾಡುತ್ತಿಲ್ಲ. ಹೊಗೆ ಎದ್ದರೂ ತಿಳಿಯಲಿಲ್ಲ. ಚಿಕ್ಕ ಹುಡುಗಿ ಅಂಬಮ್ಮ ಕೈಮುಗಿದು ನಿಂತಿದ್ದಳು. ಅವಳಿಗೆ ಬೈದು ನಾನೇ ರೊಟ್ಟಿ ತೆಗೆದೆ, ಬೆರಳು ಸುಟ್ಟಿತು.

ಆಮೇಲೆ ಕೇಳಿದೆ, ಏನು ಹೇಳಿದ ನಿಮ್ಮ ಸ್ವಾಮಿ ಎಂದು. ನನ್ನ ದನಿಯ ಕುಹಕ ಅವಳಿಗೆ ತಿಳಿಯಲಿಲ್ಲವೋ, ತಿಳಿದೂ ಬಿಟ್ಟಳೋ.

“ಒಮ್ಮೊಮ್ಮೆ ಮಾತಾಡ್ತಾನ್ರಿ ಅಕ್ಕಾರ. ಒಮ್ಮೊಮ್ಮೆ ಬೈತಾನ” ಎಂದಳು.

ಬೈಯುವಂತಿದ್ದರೆ ರೊಟ್ಟಿಯ ವಿಷಯಕ್ಕೆ ಬೈಯಲಿ.

ಆಗಸ್ಟ್ ೧೯

ರಜಾಕಾರರು ಊರಿಗೆ ಬಂದು ಹೋದರು. ಅವರ ಮುಂದಾಳು ಇದೇ ಊರಿನ ಬುಡ್ಡೇಸಾಬ್. ಸಾವುಕಾರ ಅಮರಗುಂಡಪ್ಪನ ತಮ್ಮ ಬಸವಂತರಾಯನನ್ನು ಕಣದಲ್ಲಿ ಎಲ್ಲರೆದುರು ಗುಂಡಿಟ್ಟು ಕೊಂದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲವಂತೆ. ಹೆಂಡತಿ ವೀರಭದ್ರಮ್ಮ ಇನ್ನೂ ಮಗು. ಅವಳು ಅತ್ತದ್ದು ನಮ್ಮ ಗೋದಾಮಿನವರೆಗೆ ಕೇಳಿಸಿತು.

ನಾವು ಐದು ಜನ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಅಡಗಿ ಕೂತಿದ್ದೆವು. ಅಲ್ಲ, ನಾಲ್ಕು ಜನ. ಶೇಖಮ್ಮ ಅಗಳಿಯಿಲ್ಲದ ಕದದ ಹತ್ತಿರವೇ ಇದ್ದಳು. ಹುಚ್ಚಿ.

ಸೆಪ್ಟೆಂಬರ್ ೨೬

ಇದನ್ನು ಇವತ್ತೇ ಬರೆದಿಡಬೇಕು.

ಮಿಲಿಟರಿ ಬಂದು ನಿಜಾಮರ ರಾಜ್ಯ ಮುಗಿಯಿತು. ರಜಾಕಾರರು ಓಡಿದರು. ಓಡಲಾಗದ ಬುಡ್ಡೇಸಾಬ್‌ನನ್ನು ಊರವರು ಹಿಡಿದು ಕೊಂದರು. ಅದನ್ನು ಕೇಳಿ ನನಗೆ ಸಂಕಟವಾಗಲಿಲ್ಲ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಸಾಬರ ಓಣಿಗೆ ಬೆಂಕಿ ಬಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಬುಡ್ಡೇಸಾಬ್‌ನ ಹೆಂಡತಿ ಹುಸೇನ್‌ಬೀ ಮಗಳು ಖಾತೂನ್‌ಬೀಯನ್ನು ಎಳೆದುಕೊಂಡು ನಮ್ಮ ಕದ ನೂಕಿ ಒಳಗೆ ಬಂದಳು. ಹುಡುಗಿಗೆ ಹತ್ತು ವರ್ಷವಿದ್ದೀತು, ಕಾಲಲ್ಲಿ ಚಪ್ಪಲಿಯಿಲ್ಲ, ಬಾಯಿಂದ ಮಾತಿಲ್ಲ.

ಹಿಂದೆಯೇ ಅಮರಗುಂಡಪ್ಪ ಬಂದ. ಅವನ ಹಿಂದೆ ಕೊಡಲಿ ಹಿಡಿದ ಜನ.

ನಾನು ಶೇಖಮ್ಮನ ಕಿವಿಯಲ್ಲಿ ಹೇಳಿದೆ, ಇವರಿಬ್ಬರಿಗಾಗಿ ನಾವು ಐವರು ಸಾಯಬೇಕೆ, ಕಳಿಸಿಬಿಡಿ ಎಂದು. ಇದನ್ನು ಮುಚ್ಚಿಡುವುದಿಲ್ಲ. ಈಗಲೂ ಅದೇ ಸರಿಯಾದ ಮಾತೆಂದು ಅನಿಸುತ್ತದೆ. ಅವಳು ಹೋಗಿ ಹೊಸ್ತಿಲ ಮೇಲೆ ಕೂತಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಜನ ಕೂಡ ಯಾಕೋ ತಡೆದು ನಿಂತರು.

ಅಮರಗುಂಡಪ್ಪ ಹೇಳಿದ, “ಶೇಖಮ್ಮ, ನಿನ್ನ ಮ್ಯಾಲ ನಮಗ ಸಿಟ್ಟಿಲ್ಲ. ಒಳಗ ಹೊಕ್ಕಾರಲ್ಲ, ಅವರನ್ನ ಹೊರಗ ಕಳಸು.”

“ಉಣ್ಣಾಕತ್ತಾರ್ರಿ ಸಾವ್ಕಾರ್ರ.”

“ಉಂಡ ಮ್ಯಾಲ?”

“ಉಂಡ ಮ್ಯಾಲ ಹೆಸರು ಕೇಳ್ತೀವ್ರಿ. ಆಮ್ಯಾಲ ಮಕ್ಕೋತಾರ. ನಾಳಿಗಿ ಮತ್ತ ಉಣ್ತಾರ.”

ಅವನ ಕಣ್ಣು ಕೆಂಪಾಗಿದ್ದವು. ಕುಡಿದದ್ದರಿಂದಲ್ಲ, ಆ ಮನೆತನದವರು ಕುಡಿಯುವುದಿಲ್ಲ. “ನನ್ನ ತಮ್ಮನ ಹೆಣ ನೋಡೀಯಿಲ್ಲೋ ನೀ?” ಎಂದು ಕೇಳಿದ. ನೋಡಿದ್ದೇನೆ ಎಂದಳು. ಹೊಸ್ತಿಲು ಬಿಟ್ಟು ಏಳಲಿಲ್ಲ. ಅವಳನ್ನು ತುಳಿದುಕೊಂಡು ಒಳಗೆ ಬರಬೇಕಿತ್ತು. ಹೊರಕೇರಿಯ ಹೆಂಗಸನ್ನು ಮುಟ್ಟಬೇಕಾದೀತೆಂದು ಹಿಂಜರಿದರೋ, ಮನಸ್ಸೇ ಬರಲಿಲ್ಲವೋ, ನನಗೆ ತಿಳಿಯದು. ಕೊನೆಗೆ ಅಮರಗುಂಡಪ್ಪ, ಇನ್ನು ನನ್ನ ಹೊಲದ ಬಾವಿಯಲ್ಲಿ ನಿಮ್ಮ ಕೊಡ ಕಂಡರೆ ಒಡೆಯುತ್ತೇನೆ, ಊರ ಅಂಗಡಿಯಲ್ಲಿ ನಿಮಗೆ ಉಪ್ಪೂ ಸಿಗುವುದಿಲ್ಲ ಎಂದು ಹೇಳಿ ಹೊರಟ. ಜನ ಹೋಗುತ್ತಾ ಗೋದಾಮಿನ ಹಿಂದಿನ ಬಣವಿಗೆ ಬೆಂಕಿ ಇಟ್ಟರು.

ಒಳಗೆ ತಿರುಗಿ ನೋಡಿದರೆ ಹುಸೇನ್‌ಬೀ ಉಂಡೇ ಇರಲಿಲ್ಲ. ಶೇಖಮ್ಮನ ಕೈಯ ರೊಟ್ಟಿಯನ್ನು ಗೋಡೆಯ ಕಡೆ ಸರಿಸಿ ಕೂತಿದ್ದಳು.

ನವೆಂಬರ್ ೩

ಹುಡುಗಿಯರಲ್ಲಿ ಇಬ್ಬರು ಮನೆಗೆ ಹೋದರು. ಅಂಬಮ್ಮ ಉಳಿದಳು, ಹೋಗಲು ಅವಳಿಗೆ ಮನೆಯಿಲ್ಲ. ನೀರಿಗೆ ಹಳ್ಳದವರೆಗೆ ನಡೆಯಬೇಕು. ಉಪ್ಪು, ಎಣ್ಣೆ ಲಿಂಗಸೂಗೂರಿನಿಂದ ಬರಬೇಕು. ನಾನು ಎಂದೂ ತಲೆಯ ಮೇಲೆ ಕೊಡ ಹೊತ್ತವಳಲ್ಲ. ಕುತ್ತಿಗೆ ತಿರುಗಿಸಲು ಆಗುತ್ತಿಲ್ಲ.

ಇಷ್ಟೆಲ್ಲ ಯಾರಿಗಾಗಿ? ಹುಸೇನ್‌ಬೀ ಒಂದು ದಿನವೂ ನಮ್ಮ ಮುಖ ನೋಡಿ ಮಾತಾಡಿಲ್ಲ. ಮೂರು ಕಲ್ಲಿಟ್ಟು ಬೇರೆ ಬೇಯಿಸಿಕೊಳ್ಳುತ್ತಾಳೆ. ನಾವು ತಂದ ನೀರು ಆದೀತು, ನಮ್ಮ ಕೈಯ ಊಟ ಆಗದು. ನಾನು ಶೇಖಮ್ಮನಿಗೆ ಹೇಳಿದೆ, ಇವಳಿಗೆ ಉಪಕಾರಸ್ಮರಣೆ ಎನ್ನುವುದೇ ಇಲ್ಲ ಎಂದು. ಇರಬೇಕು ಅಂತ ಯಾರಂದಾರ್ರಿ ಎಂದು ನನ್ನನ್ನೇ ಕೇಳಿದಳು.

೧೯೪೯, ಫೆಬ್ರವರಿ ೧೪

ಬಿಷಪ್ಪರ ಕಡೆಯಿಂದ ಫಾದರ್ ಬಂದಿದ್ದರು. ಮಂಗಳೂರಿನ ಕಡೆಯವರು, ಓದಿದವರು, ಮಾತು ಅಳೆದು ಆಡುವವರು. ಬಹಳ ದಿನಕ್ಕೆ ಮನುಷ್ಯರೊಬ್ಬರ ಜೊತೆ ಮಾತಾಡಿದಂತಾಯಿತು.

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ತಾಯಿಗೂ ಮಗಳಿಗೂ ದೀಕ್ಷಾಸ್ನಾನ ಕೊಡಿಸಿ, ಆಗ ಅವರು ನಮ್ಮವರಾಗುತ್ತಾರೆ, ಊರವರ ಮುಂದೆ ಧರ್ಮಸಭೆ ಅವರ ಪರ ನಿಲ್ಲಬಹುದು, ಇಲ್ಲದಿದ್ದರೆ ನಾವು ಯಾವ ಬಾಯಲ್ಲಿ ಕೇಳುವುದು ಎಂದರು. ಶೇಖಮ್ಮ ನೆಲ ನೋಡುತ್ತಾ ನಿಂತಿದ್ದಳು.

“ಆತ ಹಂಗ ಹೇಳಿಲ್ರಿ ಸ್ವಾಮೇರ.”

ಅವಳಿಂದ ಬೇರೆ ಮಾತೇ ಹೊರಡಲಿಲ್ಲ. ಫಾದರ್ ಎಷ್ಟು ಬಗೆಯಲ್ಲಿ ಕೇಳಿದರೂ ಅದೇ, ಆತ ಹಂಗ ಹೇಳಿಲ್ಲ. ಅವರ ಮುಖ ಕಪ್ಪಿಟ್ಟಿತು. ಹೊರಡುವಾಗ ನನ್ನನ್ನು ಬೇರೆ ಕರೆದು, ಈಕೆ ಮೊಂಡಿಯೋ, ಮೋಸಗಾತಿಯೋ, ಭ್ರಮೆಯವಳೋ, ನೀವು ನೋಡಿದ್ದನ್ನು ಬರೆದು ಕಳಿಸಿ ಎಂದರು.

ಬರೆದು ಕಳಿಸಿದೆ. ಸುಳ್ಳು ಒಂದಕ್ಷರವೂ ಇಲ್ಲ. ಸೀದ ರೊಟ್ಟಿಯ ಸಮೇತ ಬರೆದೆ.

೧೯೫೦, ಜನವರಿ ೮

ಬಿಷಪ್ಪರ ಆಜ್ಞೆ ಬಂತು, ನ್ಯಾಯ ಸಿಕ್ಕಿತು. ಇನ್ನು ಮಠಕ್ಕೆ ನಾನು ಮೇಲಿನವಳು. ಶೇಖಮ್ಮ ಅಡುಗೆಗೆ. ತನಗೆ ಕಂಡದ್ದು, ಕೇಳಿದ್ದು ಎಂದು ಯಾರ ಮುಂದೆಯೂ ಅವಳು ಆಡಕೂಡದು. ಕ್ರೈಸ್ತರಲ್ಲದ ಹೆಂಗಸರು ರಾತ್ರಿ ಮಠದಲ್ಲಿ ಇರಕೂಡದು.

ಆಜ್ಞೆಯನ್ನು ನಾನೇ ಓದಿ ಹೇಳಿದೆ. ಅಳುತ್ತಾಳೆ, ವಾದಿಸುತ್ತಾಳೆ ಎಂದು ತಯಾರಾಗಿದ್ದೆ. “ಆತು ಅಕ್ಕಾರ. ಜ್ವಾಳ ನೆನಿ ಹಾಕಿ ಬರ್ತೀನಿ” ಎಂದು ಎದ್ದು ಹೋದಳು. ಅಷ್ಟು ದಿನ ಕಾದ ದಿನ ಬಂತು, ಅದರಲ್ಲಿ ರುಚಿಯೇ ಇರಲಿಲ್ಲ.

ಜನವರಿ ೧೫

ಮಸ್ಕಿಯಿಂದ ಬಡಿಗನನ್ನು ಕರೆಸಿ ಅಗಳಿ ಹಾಕಿಸಿದೆ. ಒಳ್ಳೆಯ ಗಟ್ಟಿ ಅಗಳಿ.

ಫೆಬ್ರವರಿ ೨೦

ಹುಸೇನ್‌ಬೀಯನ್ನು ಈ ವಾರ ಕಳಿಸಬೇಕಿತ್ತು. ಖಾತೂನ್‌ಬೀಗೆ ಜ್ವರ. ಜ್ವರ ಬಿಟ್ಟ ಮೇಲೆ ಕಳಿಸುತ್ತೇನೆ.

ಮೇ ೪

ಈ ಬಿಸಿಲಲ್ಲಿ ಯಾರನ್ನು ಎಲ್ಲಿಗೆ ಕಳಿಸುವುದು. ಮಳೆ ಬೀಳಲಿ.

ಆಗಸ್ಟ್ ೨೭

ಮಳೆ ಬಿದ್ದು ದಾರಿಯೆಲ್ಲ ಕೆಸರು. ಎರೆ ಮಣ್ಣಿನಲ್ಲಿ ಮೊಳಕಾಲವರೆಗೆ ಕಾಲು ಹೂಳುತ್ತದೆ. ಖಾತೂನ್‌ಬೀ ಈಗ ಕನ್ನಡ ಓದುತ್ತಾಳೆ, ಒತ್ತಕ್ಷರ ಇನ್ನೂ ತಪ್ಪುತ್ತದೆ. ಓದು ಅರ್ಧಕ್ಕೆ ಬಿಡಿಸುವುದು ಸರಿಯಲ್ಲ. ಫಾದರ್‌ಗೆ ಹಾಗೆಂದೇ ಬರೆದೆ. ಅವರಿಗೆ ಇಲ್ಲಿಯ ಕೆಸರು ಏನು ಗೊತ್ತು?

೧೯೫೨, ಮಾರ್ಚ್ ೯

ಬರೆಯದೆ ಎಷ್ಟೋ ದಿನವಾಯಿತು. ಇವತ್ತು ಬರೆಯದಿದ್ದರೆ ನಿದ್ದೆ ಬಾರದು.

ಬೆಳಿಗ್ಗೆ ನೀರಿಗೆ ಹೋದ ಹುಸೇನ್‌ಬೀ ಕೊಡವಿಲ್ಲದೆ ತಿರುಗಿ ಬಂದಳು. ಒಬ್ಬ ಹೆಂಗಸಿನ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಆ ಹೆಂಗಸಿನ ಸೀರೆ ಎದೆಯವರೆಗೆ ನೆನೆದಿತ್ತು. ಹಳ್ಳದ ಮಡುವಿಗೆ ಇಳಿದಿದ್ದಳಂತೆ. ತುಂಬಿದ ಬಸುರಿ. ಮುಖ ನೋಡಿದೆ, ವೀರಭದ್ರಮ್ಮ. ಬಸವಂತರಾಯನ ಹೆಂಡತಿ. ಗಂಡ ಸತ್ತು ಮೂರೂವರೆ ವರ್ಷವಾದವಳು, ಅಂದಿನಿಂದ ಅಮರಗುಂಡಪ್ಪನ ತಲೆಬಾಗಿಲು ದಾಟದವಳು.

ಅಂಬಮ್ಮ ಹೆದರಿ ನನ್ನ ಮುಖ ನೋಡಿದಳು. ನಾನು ಹುಸೇನ್‌ಬೀಯ ಮುಖ ನೋಡಿದೆ. ಈ ಹೆಂಗಸಿನ ಗಂಡನನ್ನು ಕೊಂದವನು ಅವಳ ಗಂಡ. ಅವಳ ಗಂಡನನ್ನು ಕೊಂದವರು ಈ ಹೆಂಗಸಿನ ಮನೆಯವರು.

“ಈಕಿ ಯಾರಂತ ನನಗ ಗೊತ್ತೈತಿ. ನಾ ಯಾರಂತ ಈಕಿಗೂ ಗೊತ್ತೈತಿ. ರೊಟ್ಟಿ ಹಾಕ್ರಿ” ಎಂದಳು ಹುಸೇನ್‌ಬೀ.

ಶೇಖಮ್ಮ ಹಾಕಿದಳು. ವೀರಭದ್ರಮ್ಮ ತಿನ್ನಲಿಲ್ಲ. ಹುಸೇನ್‌ಬೀ ಅದೇ ತಟ್ಟೆಯಿಂದ ಒಂದು ತುಂಡು ಮುರಿದು ತಾನು ಬಾಯಿಗೆ ಹಾಕಿಕೊಂಡಳು, ಇನ್ನೊಂದು ಮುರಿದು ಅವಳ ಕೈಗೆ ಇಟ್ಟಳು. ಶೇಖಮ್ಮನ ಕೈಯ ರೊಟ್ಟಿಯನ್ನು ಅವಳು ತಿಂದದ್ದು ಇದೇ ಮೊದಲು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಆಡಿದ್ದರೆ ನಾನೇ ಬೈಯುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅಮರಗುಂಡಪ್ಪ ಬಂದ. ಈ ಸಲ ಜನ ಇರಲಿಲ್ಲ. ಅವನ ಹಿರಿಯ ಮಗ ಕರಿಬಸಯ್ಯ ಮಾತ್ರ ದೂರದಲ್ಲಿ ಬೇವಿನ ಗಿಡದ ಕೆಳಗೆ ಬೆನ್ನು ಹಾಕಿ ನಿಂತಿದ್ದ. ಅಗಳಿ ಹಾಕಿಸಿದ್ದು ನಾನೇ. ಇವತ್ತು ಅದನ್ನು ಅಂಬಮ್ಮನಿಂದ ಒಳಗಿನಿಂದ ಹಾಕಿಸಿ, ನಾನು ಹೊರಗೆ ನಿಂತು, ಕದ ಬಡಿಯುವ ಕೆಲಸ ಅವನಿಗೆ ಉಳಿಸಲಿಲ್ಲ.

ನಮ್ಮ ಮನೆಯ ಹೆಣ್ಣುಮಗಳು ಒಳಗಿದ್ದಾಳೆ, ಕಳಿಸಿರಿ ಎಂದ. ನಿಮ್ಮ ಫಾದರಿಗೆ ಹೇಳಿಕಳಿಸುತ್ತೇನೆ, ನಿಮ್ಮವರಲ್ಲದವರನ್ನು ಇಟ್ಟುಕೊಳ್ಳಬಾರದೆಂದು ನಿಮಗೆ ಹುಕುಂ ಇದೆ, ನನಗೆಲ್ಲ ಗೊತ್ತು ಎಂದ. ಆ ಮಾತಿಗೆ ನನ್ನ ಮೈ ಉರಿಯಿತು. ಹುಕುಂ ನನಗೆ ಬಂದದ್ದು, ಮುರಿಯುವವಳೂ ನಾನು, ಇವನು ಯಾರು ಕೇಳಲು?

“ಸಾವ್ಕಾರ್ರ, ನಿಮ್ಮ ಮನ್ಯಾಗ ಏನಾತು, ಯಾರಿಂದಾತು ಅಂತ ನಾ ಇನ್ನೂ ಕೇಳಿಲ್ಲ” ಎಂದೆ. ಬೇವಿನ ಗಿಡದ ಕಡೆ ಒಮ್ಮೆ ನೋಡಿದೆ. “ಆಕಿನ್ನ ಕರಕೊಂಡು ಹೋಗ್ತೀನಿ ಅಂದ್ರ ಕೇಳಬೇಕಾಗತೈತಿ. ಚಾವಡಿ ಮುಂದ ಕೇಳ್ಲೋ, ಇಲ್ಲೇ ಕೇಳ್ಲೋ?”

ಅವನು ಒಂದು ಹೆಜ್ಜೆ ಹಿಂದೆ ಸರಿದ. ಮುದುಕನಾಗಿದ್ದಾನೆ. ತಲೆಯ ರುಮಾಲು ತೆಗೆದು ಮತ್ತೆ ಸುತ್ತಿಕೊಂಡು, ಮಗನ ಕಡೆ ನೋಡದೆ, ಅವನನ್ನು ದಾಟಿ ಹೋದ.

ಒಳಗೆ ಬಂದು ಶೇಖಮ್ಮನಿಗೆ ಹೇಳಿದೆ, ಅಗಳಿ ಬೇಡ ಬೇಡ ಅಂತಿದ್ದಿಯಲ್ಲ, ನೋಡು, ಕೆಲಸಕ್ಕೆ ಬಂತು. ಅವಳು ನಕ್ಕಳು. ಹಲ್ಲು ಎರಡು ಬಿದ್ದಿವೆ, ನಾನು ಗಮನಿಸಿಯೇ ಇರಲಿಲ್ಲ.

ಏಪ್ರಿಲ್ ೧೭

ವೀರಭದ್ರಮ್ಮನಿಗೆ ಹೆಣ್ಣು ಮಗು. ಹುಸೇನ್‌ಬೀಯೇ ಸೂಲಗಿತ್ತಿ. ಇಬ್ಬರೂ ಚೆನ್ನಾಗಿದ್ದಾರೆ. ಫಾದರ್‌ಗೆ ತಿಳಿಸಲಿಲ್ಲ. ಅವರಿಗೆ ಬೇರೆ ಕೆಲಸ ಇರುತ್ತದೆ.

೧೯೫೪, ಜೂನ್ ೩೦

ಸಿಂಧನೂರಿನ ಕಡೆ ಕಾಲುವೆಯ ಕೆಲಸಕ್ಕೆ ಬಂದ ಹೆಂಗಸರಲ್ಲಿ ವಾಂತಿಭೇದಿ. ಎಲ್ಲಿಂದೆಲ್ಲಿಂದಲೋ ಬಂದ ವಡ್ಡರು, ತೆಲುಗರು. ಗಂಡ ಸತ್ತವರನ್ನು ಮೇಸ್ತ್ರಿಗಳು ದಾರಿಗೆ ಬಿಟ್ಟಿದ್ದಾರೆ. ಅಲ್ಲಿ ಒಂದು ಚಪ್ಪರ ಹಾಕಿ ಕೂತಿದ್ದೇವೆ. ಅಂಬಮ್ಮನ ಜೊತೆ ಈಗ ಇನ್ನೂ ಆರು ಹುಡುಗಿಯರು ಬಂದು ಸೇರಿದ್ದಾರೆ. ಇದನ್ನು ಎರಡನೆಯ ಮಠವೆಂದು ಕರೆಯಬೇಕಂತೆ. ಮೊದಲನೆಯದಕ್ಕೇ ಒಪ್ಪಿಗೆಯಿಲ್ಲ.

ಶೇಖಮ್ಮ ಬೇಡವೆಂದರೂ ಬಂದಿದ್ದಾಳೆ. ಕೆಮ್ಮುತ್ತಾಳೆ. ಬೈದರೆ ಬಾಯಿಗೆ ಸೆರಗು ಹಿಡಿದು ಕೆಮ್ಮುತ್ತಾಳೆ, ನನಗೆ ಕೇಳಿಸಬಾರದೆಂದು.

೧೯೫೫, ಅಕ್ಟೋಬರ್ ೨

ಕ್ಷಯ. ಲಿಂಗಸೂಗೂರಿನ ಡಾಕ್ಟರು ಕೈಚೆಲ್ಲಿದರು. ಗೋದಾಮಿಗೆ ತಿರುಗಿ ಕರೆತಂದು ಮೂಡಣ ಗೋಡೆಯ ಹತ್ತಿರ ಮಲಗಿಸಿದ್ದೇವೆ. ಇವತ್ತು ಮಧ್ಯಾಹ್ನ ಗಂಜಿ ಕುಡಿಸುತ್ತಾ ಸುಮ್ಮನಿರಲಾರದೆ ಕೇಳಿದೆ, ಈಗ ಏನಂತಾನ ನಿನ್ನ ಸ್ವಾಮಿ ಎಂದು. ಆಡಕೂಡದೆಂಬ ಆಜ್ಞೆ ಇತ್ತು. ನಾನೇ ಮುರಿದೆ.

“ಏನೂ ಅನ್ನಂಗಿಲ್ಲ.”

“ಯಾವಾಗಿಂದ?”

“ಹುಸೇನ್‌ಬೀ ಬಂದ ದಿನದಿಂದ” ಎಂದಳು. ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು. “ಅವತ್ತ ಹೊಸ್ತಿಲ ಮ್ಯಾಗ ಕುಂತು ಕೇಳಿದ್ನಿ, ಏನ್ ಮಾಡ್ಲಿ ಅಂತ. ಸುಮ್ಮನಾದ. ಆಮ್ಯಾಲ ಮಾತೇ ಆಡಿಲ್ಲ.”

ಬಟ್ಟಲು ಕೆಳಗಿಟ್ಟೆ. ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಏಳು ವರ್ಷ. ನೀರಿಲ್ಲ, ಉಪ್ಪಿಲ್ಲ, ಊರಿಲ್ಲ, ನಮ್ಮವರೂ ಇಲ್ಲ. ಯಾವ ಮಾತಿನ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿದ್ದಳು ಇವಳು? ಫಾದರ್ ಮುಂದೆ ಮತ್ತೆ ಮತ್ತೆ ಆತ ಹೇಳಿಲ್ಲ, ಆತ ಹೇಳಿಲ್ಲ ಎಂದೆಯಲ್ಲ, ಅದೇನು ಎಂದು ಕೇಳಿದೆ.

“ಹೇಳಿದ್ದಿಲ್ಲಲ್ಲ ಮತ್ತ. ಸುಳ್ಳು ಹ್ಯಾಂಗ ಹೇಳ್ಲಿ?”

“ಮತ್ತ ದಿನಾ ಕಣ್ಣು ಮುಚ್ಚಿ ಕುಂದರ್ತಿದ್ದೆಲ್ಲ, ಏನ್ ಮಾಡ್ತಿದ್ದಿ?”

“ಕಾಯಾಕತ್ತಿದ್ನಿ ಮೋನವ್ವ.”

ನನ್ನ ಹೆಸರು ಮೋನಿಕಾ. ಹಾಗೆ ನನ್ನನ್ನು ಯಾರೂ ಕರೆದಿಲ್ಲ. ಎದ್ದು ಹೊರಗೆ ಹೋಗಿ, ಸೌದೆ ಒದ್ದೆಯಾಗಲು ಬಿಟ್ಟಿದ್ದಕ್ಕೆ ಅಂಬಮ್ಮನ ಮೇಲೆ ಕೂಗಾಡಿದೆ. ಸೌದೆ ಒಣಗಿಯೇ ಇತ್ತು. ಮತ್ತೆ ಒಳಗೆ ಬಂದು ಉಳಿದ ಗಂಜಿ ಕುಡಿಸಿದೆ.

ಅಕ್ಟೋಬರ್ ೧೯

ಅಮ್ಮ ಬೆಳಿಗ್ಗೆ ಹೋದರು. ನಾನು ಕೈ ಹಿಡಿದಿದ್ದೆ. ಕೊನೆಯ ಹೊತ್ತಿಗಾದರೂ ಏನಾದರೂ ಕೇಳಿಸಿತೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ತಿಳಿಯಲಿಲ್ಲ.

ಹುಸೇನ್‌ಬೀ ಮೈ ತೊಳೆದಳು. ವೀರಭದ್ರಮ್ಮ ನೀರು ಹಾಕಿದಳು. ಊರ ಹೆಂಗಸರು ಕೆಲವರು ದೂರ ನಿಂತು ನೋಡಿ ಹೋದರು. ಗಂಡಸರಲ್ಲಿ ಯಾರೂ ಬರಲಿಲ್ಲ.

೧೯೫೬, ನವೆಂಬರ್ ೧೨

ನಾವೀಗ ಹೈದರಾಬಾದಿನವರಲ್ಲ, ಮೈಸೂರು ರಾಜ್ಯದವರು. ಲಿಂಗಸೂಗೂರಿನಲ್ಲಿ ಬಾವುಟ ಕಟ್ಟಿದ್ದಾರಂತೆ. ನಮ್ಮ ಹಳ್ಳದ ದಾರಿಯಲ್ಲಿ ಅದೇ ಕಲ್ಲು, ಅದೇ ಮುಳ್ಳು.

ಅದೇ ಫಾದರ್ ಬಂದರು. ಬಿಷಪ್ಪರು ನಮ್ಮನ್ನು ಸಭೆಯಾಗಿ ಒಪ್ಪಿದ್ದಾರೆ. ಎರಡು ಮನೆ, ಹನ್ನೊಂದು ಸಹೋದರಿಯರು. ಶಿಲುಬೆಯಡಿಯ ಸಹೋದರಿಯರ ಹುಟ್ಟನ್ನು ಬರೆದು ಮೇಲಕ್ಕೆ ಕಳಿಸಬೇಕು. ಸ್ಥಾಪಕಿಯ ಹೆಸರು ನನ್ನದೆಂದು ಬರೆಯುತ್ತೇನೆ ಎಂದರು. ನಡೆಸಿದವರು ನೀವೇ, ಓದಿದವರು, ಹಳೆಯ ಮನೆತನ, ಅಡುಗೆಯಾಕೆಯನ್ನು ಮುಂದಿಟ್ಟರೆ ಆ ದರ್ಶನಗಳ ತಕರಾರು ಮತ್ತೆ ಏಳುತ್ತದೆ ಎಂದರು. ಎಂಟು ವರ್ಷದ ಹಿಂದೆ ಈ ಮಾತು ಕೇಳಿದ್ದರೆ ಬಿಷಪ್ಪರ ಉಂಗುರಕ್ಕೆ ಮುತ್ತಿಡುವಂತೆ ನಾನು ಅವರ ಉಂಗುರಕ್ಕೂ ಮುತ್ತಿಡುತ್ತಿದ್ದೆನೇನೋ, ಉಂಗುರ ಇದ್ದಿದ್ದರೆ.

ಕಟ್ಟಿದವರು ಶೇಖಮ್ಮ, ಊರು ಬಳಗಾನೂರು, ಹಾಗೆಯೇ ಬರೆಯಿರಿ ಎಂದೆ. ನನ್ನ ದನಿ ಏರಿತ್ತು. ಅಂಬಮ್ಮ ಕದದ ಹತ್ತಿರ ಬಂದು ನಿಂತಳು.

ಫಾದರ್ ಮಸಿಕುಡಿಕೆಯ ಮುಚ್ಚಳ ತಿರುಗಿಸುತ್ತಾ ಕೂತರು. ಬರೆಯುವುದಾದರೆ ನನಗೆ ಒಂದು ಉತ್ತರ ಬೇಕೇ ಬೇಕು, ಮೇಲಿನವರು ಕೇಳಿಯೇ ಕೇಳುತ್ತಾರೆ ಎಂದರು. ದೇವರು ಆಕೆಯೊಡನೆ ನಿಜವಾಗಿ ಮಾತಾಡುತ್ತಿದ್ದನೇ?

“ಮೊದಲ ಆಡ್ತಿದ್ದ. ಆಮ್ಯಾಲ ಬಿಟ್ಟ. ಅವರು ಮಾತ್ರ ಬಿಡಲಿಲ್ಲ.”

ಇದನ್ನು ಬರೆಯಲಾಗದು, ಇದರ ಅರ್ಥ ಬೇರೆಯಾಗುತ್ತದೆ ಎಂದರು. ಆಗಲಿ ಎಂದೆ. ಅವರು ಲೇಖನಿ ಕೆಳಗಿಟ್ಟರು. ಲಿಂಗಸೂಗೂರಿನ ಬಸ್ಸಿನ ಹೊತ್ತಾಯಿತೆಂದು ಒಮ್ಮೆ ಎದ್ದರು, ನಾನು ಏಳಲಿಲ್ಲ. ಮತ್ತೆ ಕೂತರು.

ಕೊನೆಗೆ ಬರೆದರು. ಹಾಳೆ ಇಸಿದುಕೊಂಡು ಓದಿದೆ. ‘ಬಿಟ್ಟ’ ಎನ್ನುವಲ್ಲಿ ಒತ್ತಕ್ಷರ ಬಿಟ್ಟಿದ್ದರು. ಅದನ್ನು ತಿದ್ದಿಸಿ, ಆಮೇಲೆ ಊಟಕ್ಕೆ ಎಬ್ಬಿಸಿದೆ.